ಕಾಲು ಮೂಡಿದ ಹಕ್ಕಿಗಳು: ಇಂಗ್ಲೆಂಡ್ ಕೌಂಟಿ ಬಾವುಟಗಳ ಸರ

ಶಿವಮೊಗ್ಗದಲ್ಲಿ ನನ್ನದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವದ ಬಾವುಟದ ಕೆಲಸವೇ ಜಾಸ್ತಿ. ಮಗಳು ಓದುತ್ತಿರುವುದು ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಲೀಡ್ಸ್‌ನಲ್ಲಿ. ಅಲ್ಲಿ ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಗಳಂಥವಕ್ಕೆ, ತಮ್ಮದೇ ಬಾವುಟ ಇದೆ ಎಂದು ಹೇಳಿದ್ದು ಅವಳೇ. ಆನ್‌ಲೈನ್‌ನಲ್ಲಿ ಹುಡುಕಿದರೆ ಅವುಗಳದ್ದೇ ಒಂದು ಸರ ಸಿಕ್ಕಿತು. ತರಿಸಿದೆ.

ಬಟ್ಟೆ ತೆಳು ಪಾಲಿಯೆಸ್ಟರ್. ಅಂಚು ಮಡಚಿ ಹೊಲಿದಿಲ್ಲ, ಸುಮ್ನೆ ಸುಟ್ಟು ಕತ್ತರಿಸಿದ್ದಾರೆ. ಪ್ರಿಂಟ್ ಒಂದೇ ಮಗ್ಗುಲಿಗೆ, ಹಿಂದೆ ಬಣ್ಣ ಅರ್ಧಂಬರ್ಧ ಇಳಿದಿದೆ. ಮನೆಯೊಳಗೆ ಕಟ್ಟುವುದಾದರೆ ಪರವಾಗಿಲ್ಲ.

ನಾನು ಯಾವ ಡಿಸೈನ್ ನೋಡಿದರೂ ಮೊದಲು ಎಷ್ಟು ಸ್ಕ್ರೀನ್ ಬೇಕು ಅಂತ ಲೆಕ್ಕ ಹಾಕುತ್ತೇನೆ. ಬಣ್ಣಕ್ಕೊಂದು ಸ್ಕ್ರೀನ್. ಆ ಲೆಕ್ಕದಲ್ಲಿ ಗೆದ್ದಿದ್ದು ಕಾರ್ನ್‌ವಾಲ್. ಕಪ್ಪು ಬಟ್ಟೆ, ಮೇಲೆ ಬಿಳಿ ಶಿಲುಬೆ, ಮುಗಿಯಿತು. ಅದು ಹಿಂದೆ ತವರದ ಗಣಿಗಳ ನಾಡಾಗಿತ್ತು. ಪಿರನ್ ಎಂಬ ಸಂತನ ಒಲೆಯ ಕಪ್ಪು ಕಲ್ಲಿನಿಂದ ಬೆಳ್ಳಗಿನ ತವರ ಕರಗಿ ಹರಿಯಿತು ಅಂತ ಅಲ್ಲಿನ ಕಥೆ. ಒಂದೇ ಸ್ಕ್ರೀನಿನಲ್ಲಿ ಅಷ್ಟೂ ಕಥೆ! ಆಕ್ಸ್‌ಫರ್ಡ್‌ಶೈರ್ ನೋಡಿ, ಎತ್ತಿನ ತಲೆ, ಓಕ್ ಮರ, ಗೋಧಿ ಸಿವುಡು, ನದಿಯ ಅಲೆ, ಎಲ್ಲ ತುಂಬಿದ್ದಾರೆ. ಗಾಳಿಗೆ ಹಾರುವಾಗ ಯಾವುದೂ ಕಾಣುವುದಿಲ್ಲ.

ಅಂಗಡಿಗೆ ಬಂದವರೆಲ್ಲ ಕೈ ತೋರಿಸುವುದು ನಾರ್ತಂಬರ್‌ಲ್ಯಾಂಡ್ ಕಡೆಗೆ. ಪೂರ್ತಿ ಹಳದಿ-ಕೆಂಪು, ನಮ್ಮ ಬಾವುಟದ ನೆಂಟನೇ ಅನ್ನಿಸುತ್ತದೆ. ಆದರೆ ಅಲ್ಲಿ ಉದ್ದುದ್ದ ಪಟ್ಟಿಗಳು, ಮೇಲೊಂದು ಸಾಲು, ಕೆಳಗಿನ ಸಾಲಿನಲ್ಲಿ ಬಣ್ಣ ಅದಲುಬದಲು. 7ನೇ ಶತಮಾನದ ರಾಜ ಆಸ್ವಾಲ್ಡ್‌ನ ಸಮಾಧಿಯ ಮೇಲೆ ನೇರಳೆ ಮತ್ತು ಚಿನ್ನದ ಬಣ್ಣದ ಬಾವುಟ ತೂಗುಹಾಕಿದ್ದರು ಎಂದು ಬೀಡ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ಅದೇ ಇದರ ಮೂಲ ಅನ್ನುತ್ತಾರೆ. ಲ್ಯಾಂಕಶೈರ್‌ನದ್ದೂ ಹಳದಿ ಮೇಲೆ ಕೆಂಪು ಗುಲಾಬಿ. ಅವರಿಗೆ ಬೇಕಿದ್ದದ್ದು ಬಿಳಿ ಮೇಲೆ ಕೆಂಪು. ಸ್ಕಾಟ್ಲೆಂಡಿನ ಮಾಂಟ್ರೋಸ್ ಊರು ಅದನ್ನು ಮೊದಲೇ ನೋಂದಾಯಿಸಿಕೊಂಡಿತ್ತು. ಹಾಗಾಗಿ 2008ರಲ್ಲಿ ಹಳದಿಗೆ ಒಪ್ಪಿಕೊಂಡರು. ಕಾಣುವುದಕ್ಕೆ ಇದೇ ಚೆನ್ನ, ನನ್ನನ್ನು ಕೇಳಿದರೆ.

ಇನ್ನು ತಪ್ಪುಗಳು. ಸಸೆಕ್ಸ್ ಬಾವುಟದಲ್ಲಿ ನೀಲಿ ಮೇಲೆ ಆರು ಚಿನ್ನದ ಹಕ್ಕಿಗಳಿವೆ. ಮಾರ್ಟ್‌ಲೆಟ್ ಅಂತ ಅವುಗಳ ಹೆಸರು. ಅವುಗಳಿಗೆ ಪಾದವೇ ಇಲ್ಲ, ಎಲ್ಲೂ ಕೂರುವುದಿಲ್ಲ, ಹಾರುತ್ತಲೇ ಇರುತ್ತವೆ. ಅದೇ ಅವುಗಳ ಗುರುತು. ಈ ಸರದಲ್ಲಿ ಆರೂ ಹಕ್ಕಿಗೆ ಕಾಲು, ಬೆರಳು, ಉಗುರು ಸಮೇತ ಬರೆದಿದ್ದಾರೆ! ಎಸೆಕ್ಸ್‌ನ ಮೂರು ಕತ್ತಿಗಳ ಬೆನ್ನಿನಲ್ಲಿ ಒಂದು ಕಚ್ಚು ಇರಬೇಕು, ಹಿಂದೆ ಅಲ್ಲಿ ನೆಲೆಸಿದ್ದ ಸ್ಯಾಕ್ಸನ್ ಜನರ ಸೀಆಕ್ಸ್ ಕತ್ತಿ ಅಂತ ತಿಳಿಯುವುದೇ ಅದರಿಂದ. ಇಲ್ಲಿ ಅದು ಮಾಯ. ಯಾರ್ಕ್‌ಶೈರ್ ಬಿಳಿ ಗುಲಾಬಿಯ ಮೇಲ್ತುದಿಗೆ ಎಸಳು ಬರಬೇಕೋ ಹಸಿರು ಪುಷ್ಪಪತ್ರ ಬರಬೇಕೋ ಅಂತ ಅಲ್ಲಿನವರಲ್ಲೇ ಎರಡು ಪಂಗಡ ಇದೆ. ಇವರು ಹೂವನ್ನು ವಾಲಿಸಿ ಇಬ್ಬರನ್ನೂ ಬಿಟ್ಟಿದ್ದಾರೆ. ಮಗಳಿಗೆ ಫೋಟೋ ಕಳಿಸಿದೆ. "ಅಪ್ಪಾ, ಇದನ್ನ ಇಲ್ಲಿಗೆ ಮಾತ್ರ ತರಬೇಡಿ" ಅಂದಳು.

ಜುಲೈ ಮಳೆಯಲ್ಲಿ ಅಂಗಡಿ ಮುಂದೆ ಕಟ್ಟಿಯೂ ನೋಡಿದೆ. ಕೆಂಟ್‌ನ ಬಿಳಿ ಕುದುರೆ ಕೆಂಪು ನೆಲದ ಬಣ್ಣ ಕುಡಿದು ಗುಲಾಬಿಯಾಯಿತು. ಕಾರ್ನ್‌ವಾಲ್ ಮಾತ್ರ ಜಗ್ಗಲಿಲ್ಲ.

ಮಕ್ಕಳ ಕೋಣೆಗೆ, ಕ್ವಿಜ್ ತಯಾರಿಗೆ ಬೇಕಿದ್ದರೆ ತಗೊಳ್ಳಿ, ದುಡ್ಡಿಗೆ ಮೋಸವಿಲ್ಲ. ಹೊರಗೆ ಕಟ್ಟಲು ಬೇಡ. ಐದಕ್ಕೆ ಎರಡೂವರೆ ಕೊಡುತ್ತೇನೆ. ಹಕ್ಕಿಯ ಕಾಲಿನ ವಿಚಾರ ಮಾರಾಟಗಾರರಿಗೂ ಬರೆದಿದ್ದೆ. "ಹಕ್ಕಿಗೆ ಕಾಲು ಇರುತ್ತಲ್ಲ ಸರ್" ಅಂತ ಉತ್ತರ ಬಂತು.