ಅಭಿಮಾನ ಅಳೆಯುವ ಸೀಟು: ಕಂಠೀರವದ ಪಶ್ಚಿಮ ಬ್ಲಾಕ್

ಫುಟ್‌ಬಾಲ್ ಆಟ ಹತ್ತಿರದಿಂದ ಕಾಣಬೇಕೆಂದು ಟಿಕೆಟ್ ಕೊಳ್ಳುವವರಿಗೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಪಶ್ಚಿಮ ಬ್ಲಾಕಿಗೆ ಹೋಗಿ ಎಂದು ನಾನು ಹೇಳಲಾರೆ. ಮೈದಾನದ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ಆಟ ಒಂದಿಷ್ಟು ದೂರವೇ ಉಳಿಯುತ್ತದೆ. ಆಚೆ ಗೋಲಿನ ಮುಂದೆ ಯಾರ ಕಾಲಿಗೆ ಯಾರು ಅಡ್ಡ ಬಂದರೆಂಬುದು ಎಷ್ಟೋ ಸಲ ಮನೆಗೆ ಹೋಗಿ ಮೊಬೈಲ್ ನೋಡಿದ ಮೇಲೆಯೇ ತಿಳಿಯುತ್ತದೆ. ಆದರೆ ಇಲ್ಲಿ ಆಡುವ ಬೆಂಗಳೂರು ಎಫ್‌ಸಿಯಂಥ ಒಂದು ಕ್ಲಬ್ಬಿಗೆ ನಿಜಕ್ಕೂ ಎಷ್ಟು ಜನರಿದ್ದಾರೆಂದು ಕಣ್ಣಾರೆ ಕಾಣಬೇಕೆನ್ನುವವರಿಗೆ ಈ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮೊದಲ ಕಪ್ಪಿಗಾಗಿ 2025ರ ಜೂನ್ 3ರವರೆಗೆ ಕಾದ ಆರ್‌ಸಿಬಿ ಪುರುಷರ ತಂಡದ ಅಭಿಮಾನಿಗಳ ನಿಷ್ಠೆಯನ್ನು ಯಾರೂ ಅನುಮಾನಿಸಲಾರರು. ಆದರೂ ಅಳತೆಗೋಲಾಗಿ ಚಿನ್ನಸ್ವಾಮಿ ಕ್ರೀಡಾಂಗಣ ಉಪಯೋಗಕ್ಕೆ ಬಾರದು. ಸೀಟುಗಳೆಲ್ಲ ತುಂಬಿದ ಮೇಲೆ, ಟಿಕೆಟ್ ಸಿಗದೆ ಮನೆಯಲ್ಲುಳಿದವರು ಐದು ಸಾವಿರವೋ ಐದು ಲಕ್ಷವೋ ಎಂಬುದನ್ನಾಗಲಿ, ಒಳಗಿದ್ದವರಲ್ಲಿ ಎದುರಾಳಿ ತಂಡದ ತಾರೆಯನ್ನು ನೋಡಲು ಬಂದವರೆಷ್ಟು ಎಂಬುದನ್ನಾಗಲಿ ಆ ಸಂಖ್ಯೆ ಹೇಳುವುದಿಲ್ಲ. ಇನ್ನು ಜಾಲತಾಣದ ಹಿಂಬಾಲಕರ ಎಣಿಕೆಗೆ ಬೆರಳಿನ ಒಂದು ಒತ್ತು ಸಾಕು. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಫುಟ್‌ಬಾಲ್ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದಾಗ ನೋಡಲು ಬಂದವರು ಮೂರು ಸಾವಿರವೂ ಇರಲಿಲ್ಲ. ಬೈಯುವುದಾದರೂ ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂದು ನಾಯಕ ಸುನಿಲ್ ಚೆಟ್ರಿ ವಿಡಿಯೊದಲ್ಲಿ ಕೇಳಿಕೊಂಡ ಮೇಲೆ ಕೀನ್ಯಾ ವಿರುದ್ಧದ ಮುಂದಿನ ಪಂದ್ಯದ ಟಿಕೆಟ್‌ಗಳೆಲ್ಲ ಖರ್ಚಾದವು.

ಕಂಠೀರವದಲ್ಲಿ ಸೀಟುಗಳು ಖಾಲಿ ಉಳಿಯುತ್ತವೆ, ಅಳತೆ ಸಾಧ್ಯವಾಗುವುದೇ ಅದರಿಂದ. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ ಬೆಂಗಳೂರು ಎಫ್‌ಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ರಾತ್ರಿಯ ಜನಸಾಗರವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೆಲುವಿಗೆ ನೆಂಟರು ಬಹಳ. ಇಂಡಿಯನ್ ಸೂಪರ್ ಲೀಗ್‌ನ ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿ ಮುಗಿಸಿದ 2023-24ರ ಋತುವಿನ ಸಂಜೆಗಳೇ ಬೇರೆ. ಅಂಥ ಒಂದು ಪಂದ್ಯದಲ್ಲಿ ನನ್ನ ಮುಂದಿನ ಸಾಲಿನವರೊಬ್ಬರು, ಬೆನ್ನ ಮೇಲಿನ 11ರ ಅಂಕಿ ಅರ್ಧ ಉದುರಿಹೋಗಿದ್ದ ನೀಲಿ ಅಂಗಿ ತೊಟ್ಟು, ತೊಡೆಯ ಮೇಲೆ ಮಲಗಿದ್ದ ಮಗಳಿಗೆ ಎಚ್ಚರವಾಗದಂತೆ ಕೂತಲ್ಲಿಂದಲೇ ಡ್ರಮ್ಮಿನ ತಾಳಕ್ಕೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ತಂಡ ಹಿಂದೆ ಬಿದ್ದಿತ್ತು, ಮೆಟ್ರೊ ಹಿಡಿಯುವವರು ಏಳತೊಡಗಿದ್ದರು. 'ಹೊರಡೋದಿಲ್ವಾ ಸರ್?' ಎಂದು ಕೇಳಿದೆ. 'ಇನ್ನೂ ಎಂಟು ನಿಮಿಷ ಇದೆಯಲ್ಲ' ಎಂದರು.

ಈ ಬ್ಲಾಕಿನ ಅಭಿಮಾನಿಗಳ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗ ತೊಂಬತ್ತು ನಿಮಿಷವೂ ನಿಂತೇ ಹಾಡುತ್ತದೆ. ಕೂತು ನೋಡುವ ಆಸೆಯಿದ್ದವರು, ಕಿವಿ ಸೂಕ್ಷ್ಮವಾಗಿರುವವರು ಪಕ್ಕದ ಬ್ಲಾಕ್ ಹಿಡಿಯುವುದು ವಾಸಿ. ಅಳೆಯಲೆಂದೇ ಹೋಗುವವರು ಕೇರಳ ಬ್ಲಾಸ್ಟರ್ಸ್ ಪಂದ್ಯವನ್ನು ಬಿಡಬೇಕು, ಅಂದು ಆ ತಂಡದ ಅಭಿಮಾನಿಗಳ ಹಳದಿ ಅಂಗಿಗಳೂ ಸೇರಿ ಲೆಕ್ಕ ಉಬ್ಬುತ್ತದೆ. ಎರಡು ಸೋಲಿನ ನಂತರ ವಾರದ ನಡುವೆ ಬರುವ ಏಳೂವರೆಯ ಪಂದ್ಯಕ್ಕೆ ಟಿಕೆಟ್ ತೆಗೆದುಕೊಳ್ಳಿ. ಮಳೆ ಹನಿಯುತ್ತಿದ್ದರೆ ಇನ್ನೂ ಒಳ್ಳೆಯದು.