ಕಾವೇರಿ 2.0ರ ಇಸಿ: ಬಾಡಿಗೆಗೆ ಫ್ಲ್ಯಾಟ್ ಕೊಳ್ಳುವವರ ಚೌಕಾಶಿ ಚೀಟಿ

ಬೆಂಗಳೂರಿನಲ್ಲಿ ಬಾಡಿಗೆಗೆ ಬಿಡಲೆಂದು ಹಳೆಯ ಫ್ಲ್ಯಾಟ್ ಕೊಳ್ಳುವವರು ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಸಾಲಗಳ ಪಟ್ಟಿಯಾದ ಋಣಭಾರ ಪ್ರಮಾಣಪತ್ರ ತೆಗೆಸುವುದು ಬ್ಯಾಂಕು ಕೇಳಿದಾಗ. ಅಷ್ಟರಲ್ಲಿ ಬೆಲೆ ಮಾತಾಗಿರುತ್ತದೆ, ಅಡ್ವಾನ್ಸ್ ಕೈದಾಟಿರುತ್ತದೆ. ಬ್ರೋಕರ್ ಒಂದು ಪ್ರತಿ ತಂದುಕೊಡುತ್ತಾನೆ, ಅದು ಮಡಚಿಕೊಂಡು ಫೈಲಿನೊಳಗೆ ಮಲಗುತ್ತದೆ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಾಣದಲ್ಲಿರುವ ಸೇವೆಗಳ ಪೈಕಿ ಸಣ್ಣ ಹೂಡಿಕೆದಾರರಿಗೆ ಅತಿ ಹೆಚ್ಚು ಲಾಭ ಕೊಡುವುದು ಇದೇ ಆನ್‌ಲೈನ್ ಇಸಿ. ಆದರೆ ಆ ಲಾಭ ಸಿಗುವುದು ಬೆಲೆ ಮಾತಾಡುವ ಮೊದಲು ತೆಗೆದವರಿಗೆ.

ಮೊದಲ ಮೆಚ್ಚುಗೆ ಇದು: ಮಾಲೀಕರ ಒಪ್ಪಿಗೆ ಬೇಕಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಒಂದನೇ ಪುಸ್ತಕ (ಸ್ಥಿರಾಸ್ತಿ ಪತ್ರಗಳ ದಾಖಲೆ ಪುಸ್ತಕ) ಮತ್ತು ಅದರ ಸೂಚಿ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಮೊಬೈಲ್ ನಂಬರಿನಲ್ಲಿ ಖಾತೆ ತೆರೆದು, ಒಟಿಪಿ ಹಾಕಿ ಒಳಹೊಕ್ಕು, ಆನ್‌ಲೈನ್ ಇಸಿ ಆರಿಸಿ, ಜಿಲ್ಲೆ, ಊರು, ಆಸ್ತಿ ಸಂಖ್ಯೆ, ಅವಧಿ ತುಂಬಿ ಶುಲ್ಕ ಕಟ್ಟಿದರೆ ಡಿಜಿಟಲ್ ಸಹಿಯ ಪ್ರತಿ ಬರುತ್ತದೆ. ವರ್ಷ ಹೆಚ್ಚಿದಂತೆ ಶುಲ್ಕ ಹೆಚ್ಚುತ್ತದೆ. ಎಷ್ಟು ಹೆಚ್ಚಿದರೂ ಫ್ಲ್ಯಾಟಿನ ಬೆಲೆಯೆದುರು ಲೆಕ್ಕಕ್ಕಿಲ್ಲದ ಮೊತ್ತ. ವಹಿವಾಟು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಕಂಪ್ಯೂಟರಿನಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಕೈಬರಹದ ಸೂಚಿಯೇ ಗತಿ. ಬ್ಯಾಂಕು ಮೂವತ್ತು ವರ್ಷದ ಇಸಿ ಕೇಳಿದರೆ ಎರಡೂ ಕಡೆ ಅರ್ಜಿ ಹಾಕಬೇಕು.

ಇನ್ನು ಓದುವ ಬಗೆ. ಪ್ರತಿ ಸಾಲಿನಲ್ಲೂ ಆಸ್ತಿಯ ವಿವರ, ಪತ್ರ ಬರೆದ ದಿನ, ಪತ್ರದ ಬಗೆ, ಮೊತ್ತ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜು ಸಂಖ್ಯೆ ಇರುತ್ತವೆ. ಹೆಚ್ಚಿನವರ ಕಣ್ಣು ಹೋಗುವುದು ಹೆಸರುಗಳ ಮೇಲೆ. ಹೂಡಿಕೆದಾರರ ಕಣ್ಣು ಮೊತ್ತದ ಅಂಕಣದಲ್ಲಿ ನಿಲ್ಲಬೇಕು.

ಒಂದು ಕಲ್ಪಿತ ಉದಾಹರಣೆ. 204ನೇ ನಂಬರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ 78 ಲಕ್ಷ ಕೇಳುತ್ತಿದ್ದಾರೆ. ಅದರ ಇಸಿ ಒಂದನ್ನೇ ತೆಗೆದು ಸುಮ್ಮನಾಗಬಾರದು. ಅದರ ಕೆಳಗೂ ಮೇಲೂ ಇರುವ 104, 304 ಒಂದೇ ನಕ್ಷೆ, ಒಂದೇ ಅಳತೆ. ಅವುಗಳ ಇಸಿಯನ್ನೂ ತೆಗೆಯಿರಿ. 304 ಎರಡು ವರ್ಷದ ಹಿಂದೆ 67 ಲಕ್ಷಕ್ಕೆ ಕ್ರಯವಾಗಿದ್ದರೆ, "ಈ ಬಿಲ್ಡಿಂಗಲ್ಲಿ ಎಪ್ಪತ್ತೈದಕ್ಕಿಂತ ಕಮ್ಮಿ ಯಾವತ್ತೂ ಹೋಗಿಲ್ಲ ಸಾರ್" ಎಂಬ ಬ್ರೋಕರ್ ಮಾತಿಗೆ ಉತ್ತರ ಕೈಯಲ್ಲೇ ಇರುತ್ತದೆ. ಕಾಗದವನ್ನು ಮೇಜಿನ ಮೇಲೆ ಇಡುವ ಅಗತ್ಯವಿಲ್ಲ. ದಸ್ತಾವೇಜಿನ ತಿಂಗಳು, ವರ್ಷ ಹೇಳಿದರೆ ಸಾಕು, ಮಾತಿನ ದಿಕ್ಕು ಬದಲಾಗುತ್ತದೆ.

ಪತ್ರದಲ್ಲಿ ಕಂಡ ಬೆಲೆಯೇ ನಿಜವಾದ ಬೆಲೆಯೇ? ಎಲ್ಲ ಸಲ ಅಲ್ಲ, ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ತೂಗಿ ನೋಡಲು ದಾರಿಯಿದೆ. ಕ್ರಯದ ಮೊತ್ತ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆಯಾದ ಮಾರ್ಗಸೂಚಿ ಬೆಲೆಗೆ ರೂಪಾಯಿ ರೂಪಾಯಿ ಹೊಂದಿಕೊಂಡರೆ ಅದು ಮುದ್ರಾಂಕ ಶುಲ್ಕಕ್ಕಾಗಿ ಬರೆದ ಅಂಕಿ ಎಂದು ಅನುಮಾನಿಸಿ. ಅದೇ ಆಸುಪಾಸಿನ ತಾರೀಕಿನಲ್ಲಿ ಬ್ಯಾಂಕಿನ ಹೆಸರಿಗೆ 'ಹಕ್ಕುಪತ್ರಗಳ ಠೇವಣಿ' (ಸಾಲಕ್ಕೆ ಮೂಲಪತ್ರಗಳನ್ನು ಅಡವಿಟ್ಟದ್ದು) ಎಂಬ ನಮೂದಿದ್ದರೆ ಅಲ್ಲಿರುವ ಸಾಲದ ಮೊತ್ತ ಹೆಚ್ಚು ಪ್ರಾಮಾಣಿಕ ಸಾಕ್ಷಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿ ಬೆಲೆಯ ಶೇ 80 ಮೀರುವಂತಿಲ್ಲ. ಸಾಲ 54 ಲಕ್ಷ ಎಂದಿದ್ದರೆ ಬ್ಯಾಂಕು ಲೆಕ್ಕಕ್ಕೆ ಹಿಡಿದ ಬೆಲೆ ಕನಿಷ್ಠ 67.5 ಲಕ್ಷ. ಇಷ್ಟು ಖಚಿತವಾದ ಮಾಹಿತಿ ಜಾಹೀರಾತು ತಾಣಗಳಲ್ಲಿ ಸಿಗುವುದು ಅಪರೂಪ; ಅಲ್ಲಿ ಹೆಚ್ಚಾಗಿರುವುದು ಮಾರುವವರು ಕೇಳುವ ಬೆಲೆ, ಮಾರಿದ ಬೆಲೆಯಲ್ಲ.

204ರ ಮೇಲೇ ಠೇವಣಿ ನಮೂದಿದ್ದರೆ ಹೆದರಬೇಕಾಗಿಲ್ಲ, ಆದರೆ ತೀರುವಳಿಯ ನಮೂದು ಇದೆಯೇ ಎಂದು ಕೆಳಗಿನ ಸಾಲುಗಳಲ್ಲಿ ಹುಡುಕಿ. ಸಾಲ ತೀರಿ ಬ್ಯಾಂಕಿನ ಎನ್‌ಒಸಿ (ಬಾಕಿಯಿಲ್ಲವೆಂಬ ಪತ್ರ) ಕೈಲಿದ್ದರೂ ಬಿಡುಗಡೆಯನ್ನು ನೋಂದಾಯಿಸದೆ ಬಿಟ್ಟವರು ಬಹಳ. ಅದು ಆಗುವ ತನಕ ಇಸಿಯಲ್ಲಿ ಋಣ ಹಾಗೇ ಉಳಿಯುತ್ತದೆ, ನಾಳೆ ನಿಮ್ಮ ಬ್ಯಾಂಕು ಅದನ್ನೇ ಹಿಡಿದು ಕೂರುತ್ತದೆ. ಕ್ರಯದ ಕರಾರಿನಲ್ಲೇ "ಮಾರುವವರ ಖರ್ಚಿನಲ್ಲಿ ನೋಂದಾಯಿತ ಬಿಡುಗಡೆ" ಎಂದು ಬರೆಸಿಕೊಳ್ಳಿ. ಸಾಲ ಇನ್ನೂ ಬಾಕಿಯಿದ್ದರೆ ಮುಕ್ತಾಯದ ಮೊತ್ತದ ಪತ್ರ ಮತ್ತು ಬ್ಯಾಂಕಿನಲ್ಲಿರುವ ಮೂಲ ದಾಖಲೆಗಳ ಪಟ್ಟಿ ಮೊದಲು ಪಡೆದು, ಆ ಮೊತ್ತದ ಡಿಡಿಯನ್ನು ಬ್ಯಾಂಕಿನ ಹೆಸರಿಗೇ ಕೊಡಿ. 2023ರ ಡಿಸೆಂಬರ್ 1ರಿಂದ ಈಚೆಗೆ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ಹಿಂತಿರುಗಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬ ನಿಯಮವಿದೆ. ಹಾಗಾಗಿ ಕರಾರಿನ ಅವಧಿಯಲ್ಲಿ ಈ ಮೂವತ್ತು ದಿನವನ್ನು ಲೆಕ್ಕ ಹಿಡಿದೇ ತಾರೀಕು ಹಾಕಿ. ಸಾಲದ ಒತ್ತಡದಲ್ಲಿರುವ ಮಾರಾಟಗಾರರಿಗೆ ಬೆಲೆಗಿಂತ ವೇಗ ಮುಖ್ಯವಾಗಿರುತ್ತದೆ ಎಂಬುದೂ ಚೌಕಾಶಿಯಲ್ಲಿ ನೆನಪಿರಲಿ.

ಈಗ ಸೇವೆಯ ದೋಷಗಳಿಗೆ ಬರೋಣ. ದೊಡ್ಡ ದೋಷ ಹುಡುಕಾಟದ್ದು. ಪತ್ರದಲ್ಲಿ ಹೇಗೆ ಟೈಪಾಗಿದೆಯೋ ಹಾಗೇ ಕೇಳಿದರೆ ಸಿಗುತ್ತದೆ. '204', 'ಎ-204', 'ಎ204' ಇವು ನಿಮಗೆ ಒಂದೇ ಫ್ಲ್ಯಾಟ್, ಯಂತ್ರಕ್ಕೆ ಬೇರೆ ಬೇರೆ ಆಗಬಹುದು. ಹಳೆಯ ಖಾತಾ ಸಂಖ್ಯೆ, ಹೊಸ ಪಿಐಡಿ (ಪಾಲಿಕೆಯ ಆಸ್ತಿ ಗುರುತು ಸಂಖ್ಯೆ), ಸರ್ವೆ ನಂಬರ್ ಯಾವುದರ ಅಡಿಯಲ್ಲಿ ಕೂತಿದೆಯೋ ಹೇಳಲಾಗದು. ಹೀಗಾಗಿ ಒಂದು ಹುಡುಕಾಟದಲ್ಲಿ ನಮೂನೆ 16 ಬಂದಾಕ್ಷಣ ಆಸ್ತಿ ಸ್ವಚ್ಛ ಎಂದು ಕುಣಿಯಬಾರದು. ಆಸ್ತಿ ಸಂಖ್ಯೆಯಿಂದ ಒಮ್ಮೆ, ಮಾರುವವರ ಹೆಸರಿನಿಂದ ಒಮ್ಮೆ, ಅವರ ಕ್ರಯಪತ್ರದ ದಸ್ತಾವೇಜು ಸಂಖ್ಯೆಯಿಂದ ಒಮ್ಮೆ, ಹೀಗೆ ಮೂರು ಸಲ ಹುಡುಕಬೇಕು. ಮಾರುವವರೇ ನಿಮ್ಮ ಮುಂದಿಟ್ಟ ಕ್ರಯಪತ್ರ ಕೂಡ ಇಸಿಯಲ್ಲಿ ಕಾಣದಿದ್ದರೆ, ತಪ್ಪು ಹುಡುಕಾಟದ್ದು ಇರಬಹುದು ಅಥವಾ ಪತ್ರದ್ದೇ ಇರಬಹುದು. ಎರಡರಲ್ಲಿ ಯಾವುದೆಂದು ತಿಳಿಯುವ ತನಕ ದುಡ್ಡು ಕೊಡಬೇಡಿ. ಅದಕ್ಕೆ ಇದೇ ತಾಣದಲ್ಲಿ ದೃಢೀಕೃತ ನಕಲು ತೆಗೆದು, ಮೂಲಪತ್ರದ ಪಕ್ಕದಲ್ಲಿಟ್ಟು ಹಾಳೆ ಹಾಳೆ ಹೋಲಿಸಿ. ಚಕ್ಕುಬಂದಿಯ ಹಾಳೆಯನ್ನೂ, ಜಮೀನಿನಲ್ಲಿ ಫ್ಲ್ಯಾಟಿಗೆ ಸೇರುವ ಅವಿಭಾಜ್ಯ ಪಾಲಿನ ಚದರಡಿಯನ್ನೂ ಬಿಡದೆ ನೋಡಿ.

ಫ್ಲ್ಯಾಟಿನ ಇಸಿ ಬಿಲ್ಡರು ಮೊದಲು ಮಾರಿದ ದಿನದಿಂದ ಶುರುವಾಗುತ್ತದೆ. ಅದರ ಹಿಂದಿನ ಕಥೆ ಜಮೀನಿನ ಸರ್ವೆ ನಂಬರಿನ ಇಸಿಯಲ್ಲಿರುತ್ತದೆ. ಜಮೀನಿನವರೂ ಬಿಲ್ಡರೂ ಮಾಡಿಕೊಂಡ ಜಂಟಿ ಅಭಿವೃದ್ಧಿ ಕರಾರು, ಜಿಪಿಎ (ಅಧಿಕಾರ ಪತ್ರ), ಫ್ಲ್ಯಾಟುಗಳ ಹಂಚಿಕೆ ಕರಾರು ಅಲ್ಲಿ ಸಿಗುತ್ತವೆ. ನೀವು ಕೊಳ್ಳುವ ಫ್ಲ್ಯಾಟ್ ಬಿಲ್ಡರ ಪಾಲಿಗೆ ಬಂದದ್ದೋ ಜಮೀನಿನವರ ಪಾಲಿನದೋ ಎಂಬುದು ಹಂಚಿಕೆ ಕರಾರಿನಲ್ಲಿ ಮಾತ್ರ ಸ್ಪಷ್ಟ.

ಸರ್ವರ್ ಬಗ್ಗೆ ಎರಡೇ ಮಾತು. 2025ರ ಫೆಬ್ರವರಿ ಆರಂಭದಲ್ಲಿ ರಾಜ್ಯದಾದ್ಯಂತ ಕಾವೇರಿ ಕೈಕೊಟ್ಟು ನೋಂದಣಿಗಳು ನಿಂತಿದ್ದವು. ಕರಾರಿನ ಕೊನೆಯ ದಿನಕ್ಕೇ ನೋಂದಣಿಯ ಸಮಯ ಕಾದಿರಿಸುವವರು ಇದನ್ನು ನೆನಪಿಡಬೇಕು, ಹದಿನೈದು ದಿನದ ಅಂತರ ಇರಲಿ.

ಇಸಿಯಲ್ಲಿ ಇಲ್ಲದ್ದು ಏನು ಎಂಬುದು ಇರುವುದಕ್ಕಿಂತ ದುಬಾರಿ. ನೋಂದಾಯಿಸದ ಕರಾರು, ಉಯಿಲು, ಕಂದಾಯದ ಬಾಕಿ, ಅಸೋಸಿಯೇಷನ್ ಬಾಕಿ, ಕೋರ್ಟಿನಲ್ಲಿರುವ ದಾವೆ ಇವು ಯಾವುವೂ ಕಾಣದೆ ಇರಬಹುದು. ಬಾಡಿಗೆಗೆಂದು ಕೊಳ್ಳುವವರನ್ನು ಎಲ್ಲಕ್ಕಿಂತ ಕೆಟ್ಟದಾಗಿ ಕೆಡವುವುದು ಭೋಗ್ಯ. ಬೆಂಗಳೂರಿನಲ್ಲಿ 15-20 ಲಕ್ಷ ಇಡುಗಂಟು ಪಡೆದು ಮೂರು ವರ್ಷಕ್ಕೆ 'ಲೀಸಿಗೆ' ಹಾಕುವುದು ಮಾಮೂಲು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ಆದರೆ ಈ ವ್ಯವಹಾರ ಬಹುಪಾಲು ಇ-ಸ್ಟಾಂಪ್ ಕಾಗದ ಮತ್ತು ನೋಟರಿ ಮುದ್ರೆಯಲ್ಲೇ ಮುಗಿದುಹೋಗುತ್ತದೆ. ಇಸಿ ಕನ್ನಡಿಯಷ್ಟು ಸ್ವಚ್ಛ, ಮನೆಯೊಳಗೆ ಮಾತ್ರ 18 ಲಕ್ಷ ಇಟ್ಟು ಕುಳಿತಿರುವ ಸಂಸಾರ! ಕ್ರಯ ಮುಗಿದ ಮೇಲೆ ಅವರನ್ನು ಬಿಡಿಸಬೇಕಾದರೆ ದುಡ್ಡು ಯಾರು ಕೊಡಬೇಕು ಎಂಬ ಜಗಳ ನಿಮ್ಮ ಪಾಲಿಗೆ ಬರುತ್ತದೆ.

ಇದಕ್ಕೆ ಪರಿಹಾರ ತಾಣದಲ್ಲಿಲ್ಲ, ಬಾಗಿಲಲ್ಲಿದೆ. ಒಳಗಿರುವವರನ್ನು ಮಾಲೀಕರ ಎದುರಲ್ಲೇ ಕೇಳಿ: "ಬಾಡಿಗೆಗಿದ್ದೀರೋ, ಭೋಗ್ಯಕ್ಕಿದ್ದೀರೋ? ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ?" ಬಾಡಿಗೆದಾರರಾದರೆ ಕರಾರಿನ ಪ್ರತಿ, ಹಿಂದಿನ ಆರು ತಿಂಗಳು ಬಾಡಿಗೆ ಜಮೆಯಾದ ಬ್ಯಾಂಕ್ ವಿವರ ಪಡೆದು, ಅವರ ಅಡ್ವಾನ್ಸನ್ನು ಕ್ರಯದ ಬಾಬ್ತಿನಲ್ಲೇ ಮುರಿದುಕೊಳ್ಳಿ; ಇನ್ನು ಮುಂದೆ ನಿಮಗೇ ಬಾಡಿಗೆ ಕಟ್ಟುವುದಾಗಿ ಮೂವರ ಸಹಿಯ ಪತ್ರವೂ ಇರಲಿ. ಭೋಗ್ಯದವರಾದರೆ ಇಡುಗಂಟಿನ ಡಿಡಿ ಅವರ ಹೆಸರಿಗೆ, ಬೀಗದ ಕೈ ನಿಮ್ಮ ಕೈಗೆ, ಎರಡೂ ನೋಂದಣಿಯ ದಿನವೇ ಆಗಬೇಕು.

ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, 2024ರ ಅಕ್ಟೋಬರಿನಿಂದ ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ ಕಡ್ಡಾಯವಾದ ಮೇಲೆ ಕಾವೇರಿ ಆಸ್ತಿ ವಿವರವನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ಒಳ್ಳೆಯ ಬದಲಾವಣೆ. ಆಧಾರಿನಲ್ಲಿರುವ ಹೆಸರಿಗೂ ಕ್ರಯಪತ್ರದ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸವಿದ್ದರೂ ಅಲ್ಲೇ ಸಿಕ್ಕಿಹಾಕಿಕೊಳ್ಳುವುದರಿಂದ, ಅಂತಿಮ ಇ-ಖಾತಾ ಮಾರುವವರ ಕೈಯಲ್ಲಿ ಇಲ್ಲದೆ ದೊಡ್ಡ ಅಡ್ವಾನ್ಸ್ ಕೊಡುವುದು ಜಾಣತನವಲ್ಲ.

ತಾಣದ ಮುದ್ರಾಂಕ ಶುಲ್ಕದ ಲೆಕ್ಕಾಚಾರ ಚೆನ್ನಾಗಿದೆ, ಬಳಸಿ. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು 2. ಒಟ್ಟು ಶೇ 7.6. ಫ್ಲ್ಯಾಟ್ 72 ಲಕ್ಷಕ್ಕೆ ಕುದುರಿದರೆ 5,47,200 ರೂಪಾಯಿ ಇದಕ್ಕೇ ಹೋಗುತ್ತದೆ, ಕೈಬಿಡುವ ದುಡ್ಡು 77,47,200. ಬಾಡಿಗೆ 24,000 ಎಂದುಕೊಳ್ಳಿ. ವರ್ಷಕ್ಕೆ 2,88,000, ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ಖಾಲಿ ಬಿದ್ದರೆ ವರ್ಷಕ್ಕೆ 12,000, ಕಂದಾಯ 9,000, ರಿಪೇರಿ 12,000 ಕಳೆದರೆ ಉಳಿಯುವುದು 2,55,000. ಬ್ರೋಕರ್ ಹೇಳಿದ ಶೇ 4 ಆದಾಯ ಶೇ 3.3ಕ್ಕೆ ಇಳಿಯಿತು. ಇನ್ನು ಮೂರು ಲಕ್ಷ ಇಳಿಸಿ 69ಕ್ಕೆ ಕೊಂಡರೆ ಶೇ 3.43. ಅದೇ ಫಲ ಬಾಡಿಗೆ ಏರಿಸಿ ಪಡೆಯಬೇಕಾದರೆ ತಿಂಗಳಿಗೆ ಸುಮಾರು 920 ರೂಪಾಯಿ ಹೆಚ್ಚು ಕೇಳಬೇಕು, ಅದೂ ಪ್ರತಿ ತಿಂಗಳೂ, ಪ್ರತಿ ಬಾಡಿಗೆದಾರರ ಹತ್ತಿರವೂ. ಅಕ್ಕಪಕ್ಕದ ಫ್ಲ್ಯಾಟಿನ ಇಸಿಗೆ ಕಟ್ಟುವ ಶುಲ್ಕವನ್ನು ಇದರೆದುರು ತೂಗಿ ನೋಡಿ.

ಕೆಳಕ್ಕೆ ಇಳಿಸುವುದಕ್ಕೂ ಒಂದು ತಳ ಇದೆ. ಮಾರ್ಗಸೂಚಿ ಬೆಲೆ 80 ಲಕ್ಷ ಇರುವ ಫ್ಲ್ಯಾಟನ್ನು 72ಕ್ಕೆ ಕೊಂಡರೆ ಶುಲ್ಕ ಕಟ್ಟಬೇಕಾದ್ದು 80ರ ಮೇಲೆ. ಅಷ್ಟೇ ಅಲ್ಲ, ವ್ಯತ್ಯಾಸ ಕ್ರಯದ ಶೇ 10 ದಾಟಿದರೆ ಆ ಎಂಟು ಲಕ್ಷವನ್ನು ಆದಾಯ ತೆರಿಗೆಯವರು ಕೊಂಡವರ ಆದಾಯವೆಂದೇ ಎಣಿಸುತ್ತಾರೆ. 50 ಲಕ್ಷ ಮತ್ತು ಮೇಲ್ಪಟ್ಟ ಖರೀದಿಯಲ್ಲಿ ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಶೇ 1 ತೆರಿಗೆ (ಟಿಡಿಎಸ್) ಹಿಡಿದು, ಆ ತಿಂಗಳು ಮುಗಿದ 30 ದಿನದೊಳಗೆ ಕಟ್ಟುವುದು ಕೊಳ್ಳುವವರ ಹೊಣೆ. ಮಾರುವವರು ಹೊರದೇಶದಲ್ಲಿ ನೆಲೆಸಿದವರಾದರೆ ಈ ಶೇ 1 ನಡೆಯುವುದಿಲ್ಲ, ಹಿಡಿಯಬೇಕಾದ ತೆರಿಗೆ ಹಲವು ಪಟ್ಟು. ಜಿಪಿಎ ಹಿಡಿದು ತಮ್ಮನೋ ಭಾವನೋ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಅಂಕ ಕೊಡುವುದಾದರೆ ಐದಕ್ಕೆ ಮೂರೂವರೆ: ಬೆಲೆಯ ಮಾಹಿತಿಗೆ ಪೂರ್ಣ ಅಂಕ, ಹುಡುಕಾಟದ ಹಟಮಾರಿತನಕ್ಕೆ ಕಡಿತ. ನೋಂದಣಿಯ ಹಿಂದಿನ ದಿನ ಇನ್ನೊಂದು ಇಸಿ ತೆಗೆಯಿರಿ, ಕರಾರಿಗೂ ಕ್ರಯಕ್ಕೂ ನಡುವೆ ಹೊಸ ನಮೂದು ಹುಟ್ಟಿದೆಯೇ ನೋಡಲು. ಹಾಗೆಯೇ ಕಾವೇರಿ 2.0ರಲ್ಲಿ ಪತ್ರದ ವಿವರ ತುಂಬುವವರು ಕಚೇರಿಯವರಲ್ಲ, ನೀವು ಅಥವಾ ನಿಮ್ಮ ಪತ್ರಬರಹಗಾರರು. ಫ್ಲ್ಯಾಟ್ ಸಂಖ್ಯೆ, ಪಿಐಡಿ, ಹೆಸರಿನ ಕಾಗುಣಿತ ಹಿಂದಿನ ಪತ್ರದಲ್ಲಿದ್ದಂತೆಯೇ ಇದೆಯೇ ಎಂದು ಅರ್ಜಿ ಸಲ್ಲಿಸುವ ಮೊದಲೇ ಪರದೆಯ ಮೇಲೆ ಬೆರಳಿಟ್ಟು ಓದಿ. ಆಮೇಲೆ ತಿದ್ದಬೇಕಾದರೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು.