ಮಾರಲ್ ಮಶೀನ್: ಯಾರನ್ನು ಉಳಿಸುತ್ತೀರಿ ಎಂದು ಕೇಳುವ ಜಾಲತಾಣ, ಒಬ್ಬ ನರ್ಸ್ ಕಂಡಂತೆ

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ದೇವರನ್ನು ನಂಬುವವಳು. ನನ್ನ ತಮ್ಮ ನಂಬುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಒಂದು ದಿನ ಅವನು ಫೋನ್ ಹಿಡಿದುಕೊಂಡು ಬಂದ. "ಅಕ್ಕ, ನೀನು ದಿನಾ ಮಾಡುವ ಕೆಲಸ ಇದರಲ್ಲಿದೆ, ನೋಡು" ಅಂದ. ಹಾಗೆ ಶುರುವಾಯಿತು. ಮೊದಲು ಅವನು ಮಾಡಿದ, ಆಮೇಲೆ ನಾನು. ಕಾಲು ಗಂಟೆಯೂ ಹಿಡಿಯಲಿಲ್ಲ. ಅದರ ಬಗ್ಗೆ ಮಾತು ಮಾತ್ರ ಇವತ್ತಿಗೂ ಮುಗಿದಿಲ್ಲ.

ಮಾರಲ್ ಮಶೀನ್ ಅನ್ನುವುದು ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು 2016ರಲ್ಲಿ ಶುರು ಮಾಡಿದ ಜಾಲತಾಣ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ. ಚಾಲಕನಿಲ್ಲದ ಕಾರೊಂದು ಬರುತ್ತಿದೆ, ಅದರ ಬ್ರೇಕ್ ಫೇಲಾಗಿದೆ. ನೇರ ಹೋದರೆ ಕೆಲವರು ಸಾಯುತ್ತಾರೆ, ಪಕ್ಕಕ್ಕೆ ತಿರುಗಿದರೆ ಬೇರೆಯವರು. ಎರಡು ಚಿತ್ರ ಅಕ್ಕಪಕ್ಕ ಇರುತ್ತವೆ. ಒಂದನ್ನು ಒತ್ತಬೇಕು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಅದನ್ನೇ 13 ಸಲ ನಿಮ್ಮ ಮುಂದೆ ಇಡುತ್ತಾರೆ. ಯಾರು ಸಾಯುತ್ತಾರೋ ಅವರ ಮೇಲೆ ತಲೆಬುರುಡೆಯ ಗುರುತು ಇರುತ್ತದೆ. ಚಿತ್ರ ಅರ್ಥವಾಗದಿದ್ದರೆ ವಿವರ ತೋರಿಸುವ ಗುಂಡಿ ಇದೆ. ಅದನ್ನು ಪ್ರತಿ ಸಲವೂ ಒತ್ತಿ ಓದಿ. ಮೊದಲ ಸುತ್ತಿನಲ್ಲಿ ನಾನು ಓದದೆ ಮುಂದೆ ಹೋಗಿ, ಪಾದಚಾರಿಗಳಿಗೆ ಕೆಂಪು ದೀಪವಿದ್ದದ್ದನ್ನು ಗಮನಿಸಿರಲಿಲ್ಲ. ಹತ್ತು ಭಾಷೆಗಳಲ್ಲಿ ಇದನ್ನು ಮಾಡಿದ್ದಾರೆ. ಕನ್ನಡ ಅದರಲ್ಲಿಲ್ಲ. ಇಂಗ್ಲಿಷ್ ಓದಲು ಕಷ್ಟಪಡುವವರ ಜೊತೆ ಒಬ್ಬರು ಕೂತು ವಿವರಿಸಬೇಕು.

ಬಳಸಲು ಸುಲಭವಾ ಅಂದರೆ ತುಂಬಾ ಸುಲಭ. ಐದರಲ್ಲಿ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆ ಯಾಕೆ ಕೊಡಲಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕು.

ಚಿತ್ರಗಳಲ್ಲಿ ಬರುವವರು ಯಾರು ನೋಡಿ. ಗಂಡಸು, ಹೆಂಗಸು, ಬಸುರಿ, ತಳ್ಳುಗಾಡಿಯಲ್ಲಿರುವ ಕೂಸು, ಮುದುಕರು, ಡಾಕ್ಟರ್, ಕ್ರೀಡಾಪಟು, ದಪ್ಪ ಮೈಯವರು, ದೊಡ್ಡ ಹುದ್ದೆಯವರು, ಮನೆಯಿಲ್ಲದವರು, ಅಪರಾಧಿ, ನಾಯಿ, ಬೆಕ್ಕು. ಡಾಕ್ಟರ್ ಮತ್ತು ಮನೆಯಿಲ್ಲದವನ ಮಧ್ಯೆ ಆರಿಸು ಅಂದಾಗ ನನ್ನ ಕೈ ನಿಂತುಬಿಟ್ಟಿತು. ಡಾಕ್ಟರ್ ಇದ್ದರೆ ಇನ್ನೂ ನಾಲ್ಕು ಜನ ಉಳಿಯುತ್ತಾರೆ ಅಂತ ಮನಸ್ಸು ಹೇಳಿತು. ಆದರೆ ಮನೆಯಿಲ್ಲದವರ ಗಾಯ ತೊಳೆದಿರುವ ಕೈ ಇದು. ಕೊನೆಗೆ ಡಾಕ್ಟರನ್ನು ಉಳಿಸುವ ಚಿತ್ರ ಒತ್ತಿದೆ. ಅದು ನನಗೆ ಈಗಲೂ ಸಮಾಧಾನ ಕೊಟ್ಟಿಲ್ಲ.

ಒಂದು ವಿಷಯ ತಮ್ಮನೇ ಮೊದಲು ಗಮನಿಸಿದ. ಸಾಯುವವರು ದೇವರನ್ನು ನಂಬುವವರಾ, ಇಲ್ಲವಾ ಅಂತ ಎಲ್ಲೂ ತೋರಿಸುವುದಿಲ್ಲ. ಗುಡಿಯಿಂದ ಬರುತ್ತಿರುವವರು, ನಮಾಜ್ ಮುಗಿಸಿ ಬರುತ್ತಿರುವವರು, ಯಾವುದೂ ಬೇಡ ಅನ್ನುವವರು ಅನ್ನುವ ಯಾವ ಗುರುತೂ ಇಲ್ಲ. ನಮ್ಮದೇ ಸನ್ನಿವೇಶ ಕಟ್ಟುವ ಜಾಗವೂ ತಾಣದಲ್ಲಿದೆ, ಅಲ್ಲಿಯೂ ಇಲ್ಲ. ಆದರೆ 13 ಚಿತ್ರ ಮುಗಿದ ಮೇಲೆ ಒಂದು ಪ್ರಶ್ನಾವಳಿ ಬರುತ್ತದೆ. ಇಷ್ಟವಿದ್ದರೆ ಮಾತ್ರ ತುಂಬಬಹುದು. ಅದರಲ್ಲಿ ವಯಸ್ಸು, ಓದು, ಆದಾಯದ ಜೊತೆಗೆ ನೀವು ಎಷ್ಟು ಧಾರ್ಮಿಕರು ಅಂತ ಕೇಳುತ್ತಾರೆ. ಅಂದರೆ ರಸ್ತೆಯಲ್ಲಿ ಸಾಯುವವನ ನಂಬಿಕೆ ನಮಗೆ ಗೊತ್ತಾಗುವುದಿಲ್ಲ, ತೀರ್ಪು ಕೊಡುವ ನಮ್ಮ ನಂಬಿಕೆ ಅವರಿಗೆ ಗೊತ್ತಾಗುತ್ತದೆ.

ಇದು ಸರಿಯಾದ ಕ್ರಮ ಅಂತ ನನಗೆ ಅನಿಸುತ್ತದೆ. ಯಾಕೆ ಅನ್ನುವುದು ನನ್ನ ಕೆಲಸದಿಂದಲೇ ಗೊತ್ತು.

ಅಪಘಾತದಲ್ಲಿ ಒಟ್ಟಿಗೆ ತುಂಬಾ ಜನ ಬಂದಾಗ ನಾವು ಟ್ರಯಾಜ್ ಮಾಡುತ್ತೇವೆ. ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವುದು. 'ಸ್ಟಾರ್ಟ್' ಅನ್ನುವ ಒಂದು ಕ್ರಮವಿದೆ. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಒಂದು ಆಸ್ಪತ್ರೆಯವರೂ ಅಗ್ನಿಶಾಮಕ ದಳದವರೂ ಸೇರಿ ಮಾಡಿದ್ದು. ನಡೆಯಲು ಆಗುವವರಿಗೆ ಹಸಿರು ಚೀಟಿ, ಅವರು ಕಾಯಬಹುದು. ಉಸಿರು ನಿಮಿಷಕ್ಕೆ 30 ದಾಟಿದರೆ ಕೆಂಪು, ಅಂದರೆ ತಕ್ಷಣ ನೋಡಬೇಕಾದವರು. ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕೆಂಪು. ಕೈ ಹಿಡಿಯಿರಿ ಅಂದಾಗ ಹಿಡಿಯಲಾಗದಿದ್ದರೆ ಕೆಂಪು. ಇದ್ಯಾವುದೂ ಇಲ್ಲದೆ, ನಡೆಯಲು ಮಾತ್ರ ಆಗದವರಿಗೆ ಹಳದಿ, ಕೆಂಪಿನವರ ನಂತರ ಅವರು. ಉಸಿರಿನ ದಾರಿ ತೆರೆದರೂ ಉಸಿರಾಡದಿದ್ದರೆ ಕಪ್ಪು, ಅಂದರೆ ಉಳಿಸಲಾಗದವರು. ಒಬ್ಬರಿಗೆ ಒಂದು ನಿಮಿಷವೂ ಬೇಕಾಗುವುದಿಲ್ಲ. ಧರ್ಮದ ಕಾಲಂ ಇರುವುದು ಆಮೇಲೆ ತುಂಬುವ ಅರ್ಜಿಯಲ್ಲಿ. ನಾವು ಮೈಗೆ ಕಟ್ಟುವ ಚೀಟಿಯಲ್ಲಿ ಆ ಕಾಲಂ ಇಲ್ಲ.

ಒಂದು ರಾತ್ರಿ ಒಬ್ಬರ ಕೊರಳಿನಲ್ಲಿದ್ದ ತಾಯಿತವನ್ನು ನಾನೇ ಕತ್ತರಿಯಿಂದ ಕತ್ತರಿಸಿದೆ. ಎದೆಯ ಮೇಲೆ ಇಸಿಜಿ ಪ್ಯಾಡ್ ಅಂಟಿಸಬೇಕಿತ್ತು, ದಾರ ರಕ್ತದಲ್ಲಿ ಅಂಟಿಕೊಂಡಿತ್ತು. ಅದು ಯಾವ ದೇವರದ್ದು ಅಂತ ನೋಡುವ ಹೊತ್ತು ಅದಲ್ಲ. ಬೆಳಿಗ್ಗೆ ಅವರ ಹೆಂಡತಿ ಬಂದು, "ಸಿಸ್ಟರ್, ಅವರ ಕೊರಳಲ್ಲಿ ಒಂದು ದಾರ ಇತ್ತು" ಅಂದರು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟಿದ್ದೆ, ಕೊಟ್ಟೆ. ಅದನ್ನು ಕಣ್ಣಿಗೆ ಒತ್ತಿಕೊಂಡರು. ನಂಬಿಕೆಗೆ ಆಸ್ಪತ್ರೆಯಲ್ಲಿ ಜಾಗವಿದೆ. ಆದರೆ ಆ ಜಾಗ ಸಾಲಿನ ಮುಂದಿನ ತುದಿಯಲ್ಲಿಲ್ಲ.

ಇದು ನನ್ನ ಒಬ್ಬಳ ಅಭಿಪ್ರಾಯವಲ್ಲ. ನೆಪೋಲಿಯನ್ನನ ಸೇನೆಯ ವೈದ್ಯ ಲಾರೆ, ಹುದ್ದೆ ನೋಡಬೇಡಿ, ಯಾರ ಗಾಯ ದೊಡ್ಡದೋ ಅವರನ್ನು ಮೊದಲು ನೋಡಿ ಅಂತ ರಣರಂಗದಲ್ಲೇ ನಿಯಮ ಮಾಡಿದ. 1948ರಲ್ಲಿ ಜಗತ್ತಿನ ವೈದ್ಯರ ಸಂಘ ಜಿನೀವಾದಲ್ಲಿ ಒಂದು ಪ್ರತಿಜ್ಞೆ ಒಪ್ಪಿಕೊಂಡಿತು. ನನ್ನ ಕರ್ತವ್ಯ ಮತ್ತು ರೋಗಿಯ ನಡುವೆ ಧರ್ಮ, ದೇಶ, ಜನಾಂಗ, ರಾಜಕೀಯ, ಅಂತಸ್ತು ಬರಲು ಬಿಡುವುದಿಲ್ಲ ಅಂತ ಅದರಲ್ಲಿದೆ. ಧರ್ಮಗಳ ಒಳಗೂ ಇಂಥ ಮಾತು ಸಿಗುತ್ತದೆ. ಯಹೂದಿಗಳ ಹಳೆಯ ಕಟ್ಟಳೆಯೊಂದು ನನಗೆ ತುಂಬಾ ಇಷ್ಟ. ಸಬ್ಬತ್ ದಿನ ಕೆಲಸ ಮಾಡಬಾರದು ಅನ್ನುವುದು ಅವರ ನಿಯಮ. ಆದರೂ ಆ ದಿನ ಕಟ್ಟಡ ಕುಸಿದರೆ ಕಲ್ಲುಮಣ್ಣು ತೆಗೆಯಲೇಬೇಕು. ಅಡಿಯಲ್ಲಿ ಯಾರಾದರೂ ಇದ್ದಾರಾ, ಬದುಕಿದ್ದಾರಾ, ನಮ್ಮವರಾ ಬೇರೆಯವರಾ ಅನ್ನುವ ಅನುಮಾನವಿದ್ದರೂ ತೆಗೆಯಬೇಕು. ಅಷ್ಟು ಹಿಂದೆಯೇ ಯಾರೋ ಕೂತು ಈ ಪ್ರಶ್ನೆಯನ್ನು ಯೋಚಿಸಿದ್ದಾರೆ ಅಲ್ವಾ? ಎರಡು ಸಾವಿರ ವರ್ಷದ ಹತ್ತಿರದ ಮಾತು.

ಹಾಗಾದರೆ ನಂಬಿಕೆಯ ಪ್ರಶ್ನೆ ಬರಲೇಬಾರದಾ? ಬರಬೇಕಾದ ಒಂದು ಸಂದರ್ಭವಿದೆ. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದವರು ರಕ್ತ ಹಾಕಿಸಿಕೊಳ್ಳುವುದಿಲ್ಲ. ಎಚ್ಚರವಿರುವ ವಯಸ್ಕರೊಬ್ಬರು, ಪರಿಣಾಮ ಗೊತ್ತಿದ್ದೂ ನನಗೆ ರಕ್ತ ಬೇಡ ಅಂದರೆ ಒತ್ತಾಯ ಮಾಡುವಂತಿಲ್ಲ. ಅದು ಅವರ ದೇಹ, ಅವರ ಬಾಯಿಂದಲೇ ಬಂದ ಮಾತು. ನನ್ನ ನಂಬಿಕೆಗಾಗಿ ನನ್ನ ಜೀವ ಬಿಡುತ್ತೇನೆ ಅನ್ನುವುದು ಬೇರೆ. ನಿನ್ನ ನಂಬಿಕೆ ನೋಡಿ ನಿನ್ನ ಜೀವಕ್ಕೆ ಬೆಲೆ ಕಟ್ಟುತ್ತೇನೆ ಅನ್ನುವುದು ಬೇರೆ.

ಇಷ್ಟೆಲ್ಲ ನಾನು ಹೇಳಿದ ಮೇಲೂ ತಮ್ಮ ಸುಮ್ನೆ ಇರಲಿಲ್ಲ. ಎರಡು ಚೀಟಿ ಹರಿದ. ಒಂದರ ಮೇಲೆ ಆಸ್ತಿಕ ಅಂತ, ಇನ್ನೊಂದರ ಮೇಲೆ ನಾಸ್ತಿಕ ಅಂತ ಬರೆದ. "ತಾಣದವರು ಕೇಳಲಿಲ್ಲ, ನಾನು ಕೇಳುತ್ತೇನೆ. ಕಾರು ಬರ್ತಾ ಇದೆ. ಯಾರನ್ನು ಉಳಿಸುತ್ತೀ? ಇಬ್ಬರಿಗೂ ಒಂದೇ ವಯಸ್ಸು, ಒಂದೇ ಆರೋಗ್ಯ" ಅಂದ.

ನಾನು ನಾಸ್ತಿಕನ ಚೀಟಿ ಮುಟ್ಟಿದೆ. ಅವನೂ ಅದನ್ನೇ ಮುಟ್ಟಿದ.

ಅವನ ಕಾರಣ ಹೀಗಿತ್ತು. "ನಂಬದವನಿಗೆ ಇರುವುದು ಇದೊಂದೇ ಬದುಕು. ನಂಬುವವನಿಗೆ ಸತ್ತ ಮೇಲೂ ಏನೋ ಇದೆ ಅಂತ ಅವನೇ ಹೇಳುತ್ತಾನಲ್ಲ. ಹಾಗಾದರೆ ಅವನಿಗೆ ಆಗುವ ನಷ್ಟ ಕಡಿಮೆ."

ನನ್ನ ಕಾರಣ ಬೇರೆ. ನಂಬುವವನು ದೇವರ ಜೊತೆ ಒಂದಿಷ್ಟು ಮಾತು ಮುಗಿಸಿರುತ್ತಾನೆ, ನಂಬದವನಿಗೆ ಇನ್ನೂ ಸಮಯ ಬೇಕು ಅಂತ ನನಗೆ ಅನಿಸಿತ್ತು. ಹಾಗೇ ಹೇಳಿದೆ.

ಅವನ ಮುಖ ಬಾಡಿತು. "ಅಂದರೆ ನನ್ನನ್ನು ಉಳಿಸುವುದು ನಾನು ಬದಲಾಗಲಿ ಅಂತ. ನಾನು ಹೇಗಿದ್ದೀನೋ ಹಾಗೇ ಉಳಿಯಲು ಯೋಗ್ಯನಲ್ವಾ, ಅಕ್ಕ?" ಅಂದ. ನನಗೂ ಅಷ್ಟೇ ನೋವಾಗಿತ್ತು. ನನಗೆ ದೇವರಿದ್ದಾನೆ ಅನ್ನುವ ಕಾರಣಕ್ಕೆ ನನ್ನ ಸಾವು ಅಗ್ಗವಾಗುತ್ತದಾ? ನಂಬುವವರು ಸಾಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತುಟಿಯಲ್ಲಿ ದೇವರ ಹೆಸರಿರುತ್ತದೆ, ಕೈ ಮಾತ್ರ ನನ್ನ ಕೈಯನ್ನು ಬಿಡುವುದಿಲ್ಲ. ಮಗಳ ಮದುವೆ, ಅರ್ಧ ಕಟ್ಟಿದ ಮನೆ, ಶಾಲೆಯಿಂದ ಇನ್ನೂ ಬಾರದ ಮೊಮ್ಮಗ, ಇವೆಲ್ಲ ಇರುವುದು ಇಲ್ಲೇ ತಾನೇ? ಮುಂದೆ ಏನೇ ಇರಲಿ, ಇಲ್ಲಿ ಕಳೆದುಕೊಳ್ಳುವುದು ಇಬ್ಬರಿಗೂ ಒಂದೇ.

ಇಬ್ಬರೂ ಮುಟ್ಟಿದ್ದು ಒಂದೇ ಚೀಟಿ. ಇಬ್ಬರ ಕಾರಣವೂ ಇನ್ನೊಬ್ಬರನ್ನು ನೋಯಿಸಿತು. ನನ್ನ ಒಂದೂವರೆ ಅಂಕ ಹೋಗಿದ್ದು ಇದಕ್ಕೇ. ಈ ತಾಣ ಯಾವ ಚಿತ್ರ ಒತ್ತಿದಿರಿ ಅನ್ನುವುದನ್ನು ಬರೆದಿಟ್ಟುಕೊಳ್ಳುತ್ತದೆ. ಯಾಕೆ ಒತ್ತಿದಿರಿ ಅಂತ ಕೇಳುವುದಿಲ್ಲ. ಒಂದು ಸಾಲು ಬರೆಯಲು ಜಾಗ ಕೊಟ್ಟಿದ್ದರೂ ಸಾಕಿತ್ತು. ದೇವರನ್ನು ನಂಬುವವರಿಗೂ ನಂಬದವರಿಗೂ ಇರುವ ವ್ಯತ್ಯಾಸ ಹೆಚ್ಚಾಗಿ ಆ ಸಾಲಿನಲ್ಲೇ ಇರುತ್ತದೆ.

ತಾಣದವರ ಲೆಕ್ಕವೂ ಇದಕ್ಕೆ ಹತ್ತಿರದ್ದನ್ನೇ ಹೇಳುತ್ತದೆ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. 233 ದೇಶ ಮತ್ತು ಪ್ರದೇಶಗಳಿಂದ ಸುಮಾರು 4 ಕೋಟಿ ತೀರ್ಪುಗಳು. ಪ್ರಾಣಿಗಿಂತ ಮನುಷ್ಯರನ್ನು, ಕಡಿಮೆ ಜನರಿಗಿಂತ ಜಾಸ್ತಿ ಜನರನ್ನು, ಮುದುಕರಿಗಿಂತ ಚಿಕ್ಕವರನ್ನು ಉಳಿಸಬೇಕು ಅನ್ನುವುದು ಎಲ್ಲಕ್ಕಿಂತ ಗಟ್ಟಿಯಾಗಿ ಕಂಡ ಮೂರು ಒಲವು. ಪ್ರಶ್ನಾವಳಿ ತುಂಬಿದವರು 5 ಲಕ್ಷದ ಹತ್ತಿರ. ಅವರಲ್ಲಿ ಧಾರ್ಮಿಕರಾಗಿದ್ದರೆ ಆಯ್ಕೆ ಬದಲಾಗುತ್ತದಾ ಅಂತ ನೋಡಿದ್ದಾರೆ. ವೈಯಕ್ತಿಕ ಗುಣಗಳಿಂದ ಬಂದ ವ್ಯತ್ಯಾಸಗಳೆಲ್ಲ ಸಣ್ಣವು. ಆ ಸಣ್ಣದರಲ್ಲಿ ಸ್ವಲ್ಪ ಎದ್ದು ಕಂಡದ್ದು ಹೆಣ್ಣೋ ಗಂಡೋ ಅನ್ನುವುದು ಮತ್ತು ಎಷ್ಟು ಧಾರ್ಮಿಕರು ಅನ್ನುವುದು. ನನ್ನ ತಮ್ಮನಂಥವರೂ ನನ್ನಂಥವರೂ ಕೋಟಿಗಟ್ಟಲೆ ಒತ್ತಿದ ಚಿತ್ರಗಳಲ್ಲಿ ಅಷ್ಟೇನೂ ದೂರವಿಲ್ಲ. ಇದನ್ನು ಓದಿದಾಗ ನನಗೆ ನಿಜವಾಗಿ ಖುಷಿಯಾಯಿತು.

ಚಿಕ್ಕವರನ್ನು ಉಳಿಸಬೇಕು ಅನ್ನುವ ಒಲವು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿಲ್ಲ. ಏಷ್ಯಾದ ಹಲವು ದೇಶಗಳಿರುವ ಗುಂಪಿನಲ್ಲಿ ಅದು ಕಡಿಮೆ. ಅದನ್ನೇನೂ ತಪ್ಪು ಅನ್ನಲಾರೆ. ಆದರೆ ಜನ ಹೀಗೆ ಆರಿಸಿದರು ಅಂದ ಮಾತ್ರಕ್ಕೆ ಕಾರಿಗೂ ಹಾಗೇ ಕಲಿಸಬೇಕು ಅಂದರೆ ನನ್ನ ವಿರೋಧವಿದೆ. 2017ರಲ್ಲಿ ಜರ್ಮನಿಯ ಒಂದು ನೀತಿ ಆಯೋಗ, ತಪ್ಪಿಸಲಾಗದ ಅಪಘಾತದಲ್ಲಿ ವಯಸ್ಸು, ಲಿಂಗ, ದೇಹ ಮತ್ತು ಮನಸ್ಸಿನ ಸ್ಥಿತಿ ನೋಡಿ ಜನರನ್ನು ವಿಂಗಡಿಸಕೂಡದು ಅಂತ ಹೇಳಿತು. ನಮ್ಮ ಚೀಟಿಯ ಬಣ್ಣಗಳಿಗೆ ಆ ಮಾತು ಹತ್ತಿರ.

ಕೊನೆಗೆ ಬರುವ ಫಲಿತಾಂಶದ ಪುಟ ಚೆನ್ನಾಗಿದೆ. ನೀವು ಜಾಸ್ತಿ ಉಳಿಸಿದ್ದು ಯಾರನ್ನು, ಜಾಸ್ತಿ ಬಿಟ್ಟಿದ್ದು ಯಾರನ್ನು, ಬೇರೆಯವರ ಸರಾಸರಿಗೆ ಹೋಲಿಸಿದರೆ ನೀವು ಎಲ್ಲಿದ್ದೀರಿ ಅಂತ ಗೆರೆಗಳ ಮೇಲೆ ತೋರಿಸುತ್ತದೆ. ಅದನ್ನು ಪೂರ್ತಿ ನಂಬಬೇಡಿ. 13 ಚಿತ್ರಗಳಲ್ಲಿ ಹಲವು ವಿಷಯ ಬೆರೆತಿರುತ್ತವೆ. ಜನ ಜಾಸ್ತಿಯಿದ್ದಾರೆ ಅಂತ ನಾನು ಒತ್ತಿದ ಚಿತ್ರದಲ್ಲಿ ಹೆಂಗಸರೇ ಇದ್ದರೆ, ನಾನು ಹೆಂಗಸರ ಪರ ಅಂತ ಗೆರೆ ವಾಲುತ್ತದೆ.

ಇನ್ನೊಂದು ಮಾತು. ಇಲ್ಲಿ ನೀವು ಹೊರಗೆ ನಿಂತು ನೋಡುವವರು, ಕಾರಿನಲ್ಲಿ ಕೂತವರಲ್ಲ. ಇದೇ ತಂಡದ ಕೆಲವರು 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ದರು: ಜಾಸ್ತಿ ಜನರನ್ನು ಉಳಿಸುವ ಕಾರು ಒಳ್ಳೆಯದು ಅಂತ ಜನ ಒಪ್ಪುತ್ತಾರೆ, ತಾವು ಕೊಳ್ಳುವಾಗ ಮಾತ್ರ ತಮ್ಮನ್ನು ಉಳಿಸುವ ಕಾರೇ ಬೇಕು ಅನ್ನುತ್ತಾರೆ. ಆದ್ದರಿಂದ ಒತ್ತುವ ಮೊದಲು ಆ ಕಾರಿನಲ್ಲಿ ನಿಮ್ಮವರೊಬ್ಬರನ್ನು ಕೂರಿಸಿ ನೋಡಿ. ನಾನು ಎರಡನೇ ಸಲ ಹಾಗೆ ಮಾಡಿದೆ, ನಾಲ್ಕು ಉತ್ತರ ಬದಲಾದವು.

ಒಬ್ಬರೇ ಮಾಡಬೇಡಿ. ನಿಮಗಿಂತ ಬೇರೆ ನಂಬಿಕೆಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒತ್ತುವ ಮೊದಲು ಕಾರಣವನ್ನು ಬಾಯಿ ಬಿಟ್ಟು ಹೇಳಿ. ನಾವು ಮೂರನೇ ಸುತ್ತನ್ನು ಹಾಗೇ ಮಾಡಿದೆವು. ಒಂದು ಗಂಟೆ ಹಿಡಿಯಿತು.

ಚಿಕ್ಕ ಮಕ್ಕಳಿಗೆ ಕೊಡಬೇಡಿ. ನಿಮ್ಮವರನ್ನು ಯಾರನ್ನಾದರೂ ಇತ್ತೀಚೆಗೆ ರಸ್ತೆ ಅಪಘಾತದಲ್ಲಿ ಕಳೆದುಕೊಂಡಿದ್ದರೆ, ದಯವಿಟ್ಟು ಈಗ ಇದನ್ನು ತೆರೆಯಬೇಡಿ. ಆ ತಲೆಬುರುಡೆಯ ಗುರುತು ತುಂಬಾ ಚಿಕ್ಕದು, ಆದರೆ ಕಣ್ಣಿಗೆ ಮೊದಲು ಬೀಳುವುದು ಅದೇ.